ಇಂಗ್ಲಿಷ್ ತರಗತಿಯಲ್ಲಿ ಕನ್ನಡಕ್ಕೆ ಎಷ್ಟು ಜಾಗ ಕೊಡಬೇಕು? ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಿಂದ ಒಂದು ಪ್ರಶ್ನೆ

ಪ್ರಶ್ನೆ: ಬದಿಯಡ್ಕದ ಟೀಚರ್

ಎಲ್ಲರಿಗೂ ನಮಸ್ಕಾರ.

ಬದಿಯಡ್ಕದ ಸಮೀಪದ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಆರು ವರ್ಷಗಳಿಂದ ಯು.ಪಿ. ತರಗತಿಗಳಿಗೆ, ಅಂದರೆ ಐದರಿಂದ ಏಳರವರೆಗೆ, ಇಂಗ್ಲಿಷ್ ಕಲಿಸುತ್ತಿದ್ದೇನೆ. ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ಇದೇ ಕೆಲಸದಲ್ಲಿರುವವರ ಮತ್ತು ಈ ಕೆಲಸ ಮಾಡಿ ನಿವೃತ್ತರಾದ ಹಿರಿಯರ ಮುಂದೆ ಇಡಬೇಕೆನಿಸಿತು.

ಕಳೆದ ತಿಂಗಳು ಆರನೆಯ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಪಾಠದ ಪಾತ್ರವೊಂದರ ದಿನಚರಿಯನ್ನು ಒಂದು ತಪ್ಪಿಲ್ಲದೆ ಒಪ್ಪಿಸಿದ. ಅವನ ನೋಟ್ ಪುಸ್ತಕವೂ ಹಾಗೆಯೇ, ಮುತ್ತು ಪೋಣಿಸಿದಂಥ ಅಕ್ಷರ. ನನಗೆ ಬಹಳ ಸಂತೋಷವಾಗಿ, ಅವನೊಡನೆ ಎರಡು ಮಾತಾಡೋಣವೆಂದು ‘ಹೌ ಮೆನಿ ಬ್ರದರ್ಸ್ ಡು ಯು ಹ್ಯಾವ್?’ ಎಂದು ಕೇಳಿದೆ. ಪ್ರಶ್ನೆ ಅವನಿಗೆ ಅರ್ಥವಾಗಿತ್ತು, ಮುಖದಲ್ಲೇ ತಿಳಿಯುತ್ತಿತ್ತು. ಸ್ವಲ್ಪ ಹೊತ್ತು ತಡವರಿಸಿ ‘ಟು ಮಿ ಟೂ ಬ್ರದರ್ಸ್ ಈಸ್ ದೇರ್’ ಎಂದ. ಅರ್ಧ ಪುಟದ ದಿನಚರಿಯನ್ನು ಒಪ್ಪಿಸಿದ ಮಗುವಿಗೆ ತನ್ನ ಮನೆಯ ಬಗ್ಗೆ ಒಂದು ವಾಕ್ಯ ಕಟ್ಟಲು ಆಗಲಿಲ್ಲ. ಹತ್ತಿರ ಹೋಗಿ ಅವನ ಪಠ್ಯಪುಸ್ತಕವನ್ನು ತೆಗೆದು ನೋಡಿದರೆ, ಪ್ರತಿಯೊಂದು ಇಂಗ್ಲಿಷ್ ಸಾಲಿನ ಕೆಳಗೂ ಪೆನ್ಸಿಲಿನಲ್ಲಿ ಸಣ್ಣದಾಗಿ ಕನ್ನಡ ಅಕ್ಷರಗಳಲ್ಲಿ ಅದರ ಉಚ್ಚಾರಣೆಯನ್ನು ಬರೆದುಕೊಂಡಿದ್ದ. ಅವನು ಓದುತ್ತಿದ್ದದ್ದು ಇಂಗ್ಲಿಷನ್ನಲ್ಲ, ಆ ಪೆನ್ಸಿಲಿನ ಸಾಲನ್ನು.

ನಮ್ಮ ಶಾಲೆಯ ಹಿರಿಯ ಸಹೋದ್ಯೋಗಿಯೊಬ್ಬರು ಪಾಠವನ್ನು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳಿ, ಅರ್ಥವನ್ನು ಬರೆಸಿ, ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುತ್ತಾರೆ. ನಾನು ಹೋದ ಒಂದು ತರಬೇತಿಯಲ್ಲಿ ಇದಕ್ಕೆ ತೀರ ವಿರುದ್ಧವಾದ ಮಾತನ್ನು ಹೇಳಿದರು: ಇಂಗ್ಲಿಷ್ ಪೀರಿಯಡಿನಲ್ಲಿ ಒಂದೇ ಒಂದು ಕನ್ನಡದ ಶಬ್ದವೂ ಬರಬಾರದು, ಬಂದರೆ ಕಲಿಕೆ ಕೆಡುತ್ತದೆ. ಅದನ್ನು ನಂಬಿ ಒಂದು ಇಡೀ ಟರ್ಮ್ ಹಾಗೆಯೇ ನಡೆಸಿದೆ. ಮುಂದಿನ ಬೆಂಚಿನ ನಾಲ್ಕು ಮಕ್ಕಳು ನನ್ನೊಡನೆ ಬಂದರು, ಉಳಿದವರು ಮೌನವಾದರು. ಆ ಮೌನವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ತೊಡಕೂ ಇದೆ. ಇಪ್ಪತ್ತೊಂದು ಮಕ್ಕಳ ಆ ತರಗತಿಯಲ್ಲಿ ಮನೆಯಲ್ಲಿ ಶಾಲೆಯ ಕನ್ನಡವನ್ನು ಆಡುವವರು ಯಾರೂ ಇಲ್ಲ. ಹೆಚ್ಚಿನವರದು ತುಳು, ಕೆಲವರದು ಹವ್ಯಕ ಕನ್ನಡ, ಐದು ಮಕ್ಕಳದು ಮಲಯಾಳ, ಇಬ್ಬರದು ಮರಾಠಿ, ಒಬ್ಬಳದು ಕೊಂಕಣಿ. ಹೀಗಿರುವಾಗ ‘ಮಾತೃಭಾಷೆಯ ಮೂಲಕ’ ಎಂದು ಪುಸ್ತಕಗಳು ಹೇಳುವ ಮಾತಿಗೆ ನಮ್ಮಲ್ಲಿ ಏನರ್ಥ? ಕನ್ನಡವನ್ನು ಪೂರ್ತಿ ಬಿಡಬೇಕೇ, ಬಳಸಬೇಕೇ, ಬಳಸುವುದಾದರೆ ಎಲ್ಲಿ ಮತ್ತು ಎಷ್ಟು? ಆ ಪೆನ್ಸಿಲಿನ ಸಾಲುಗಳನ್ನು ಅಳಿಸಲು ಹೇಳಬೇಕೇ? ಅನುಭವದಿಂದ ಬಲ್ಲವರು ದಯವಿಟ್ಟು ತಿಳಿಸಿ.


ಉತ್ತರ: ಪೈವಳಿಕೆಯ ಹಳೆ ಮಾಸ್ತರ್

ಟೀಚರಿಗೆ ನಮಸ್ಕಾರ. ಮೂವತ್ತಮೂರು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ.

ಮೊದಲಾಗಿ ಆ ಹುಡುಗನ ವಾಕ್ಯವನ್ನು ತಪ್ಪೆಂದು ತಳ್ಳಿಹಾಕಬೇಡಿ. ‘ಟು ಮಿ’ ಎಂದು ಅವನು ಸುಮ್ಮನೆ ಹೇಳಿದ್ದಲ್ಲ. ಕನ್ನಡದಲ್ಲಿ ‘ನನಗೆ ಇಬ್ಬರು ತಮ್ಮಂದಿರು ಇದ್ದಾರೆ’ ಎನ್ನುತ್ತೇವೆ. ತುಳುವಿನಲ್ಲಿ ‘ಎಂಕ್’ ಎಂದು ಆರಂಭವಾಗುತ್ತದೆ, ಮಲಯಾಳದಲ್ಲಿ ‘ಎನಿಕ್ಕ್’, ಹವ್ಯಕರಲ್ಲಿ ‘ಎನಗೆ’, ಕೊಂಕಣಿಯಲ್ಲಿ ‘ಮಾಕಾ’. ನಮ್ಮ ಈ ಗಡಿನಾಡಿನ ಅಷ್ಟೂ ಭಾಷೆಗಳಲ್ಲಿ ತಮ್ಮಂದಿರು ‘ನನಗೆ’ ಇರುತ್ತಾರೆ, ನಾನು ಅವರನ್ನು ‘ಹೊಂದಿರುವುದಿಲ್ಲ’. ‘ಹ್ಯಾವ್’ ಎಂಬ ಕ್ರಿಯಾಪದಕ್ಕೆ ಸಮನಾದದ್ದು ನಮ್ಮಲ್ಲಿ ಬಳಕೆಯಲ್ಲೇ ಇಲ್ಲ. ಆ ಮಗು ತನ್ನ ಭಾಷೆಯ ಕಟ್ಟಡಕ್ಕೆ ಇಂಗ್ಲಿಷ್ ಶಬ್ದಗಳ ಹಂಚು ಹೊದಿಸಿದೆ. ಇದು ಬುದ್ಧಿಯ ಕೊರತೆಯಲ್ಲ, ಬುದ್ಧಿಯ ಕೆಲಸ.

ನಾನಾಗಿದ್ದರೆ ಇದನ್ನು ಕರಿಹಲಗೆಯ ಮೇಲೆ ತೋರಿಸುತ್ತಿದ್ದೆ. ಎಡಗಡೆಯಲ್ಲಿ ಒಂದರ ಕೆಳಗೊಂದು ‘ನನಗೆ, ಎಂಕ್, ಎನಿಕ್ಕ್, ಎನಗೆ, ಮಾಕಾ’ ಎಂದು ಬರೆದು, ಆಯಾ ಮನೆಯ ಮಗುವಿನ ಬಾಯಿಯಿಂದಲೇ ಅದರ ಇಡೀ ವಾಕ್ಯವನ್ನು ಹೇಳಿಸಿ, ಬಲಗಡೆಯಲ್ಲಿ ಒಂದೇ ಒಂದು ‘ಐ ಹ್ಯಾವ್’ ಬರೆದು, ಇಂಗ್ಲಿಷಿನವರು ಇದನ್ನು ಹೀಗೆ ತಿರುಗಿಸಿ ಹೇಳುತ್ತಾರೆ ಎಂದು ತಿಳಿಸಿದರೆ ಐದು ನಿಮಿಷದ ಕೆಲಸ. ನಾನು ಹೀಗೆ ಮಾಡಿದಾಗಲೆಲ್ಲ, ಮರಾಠಿಯ ಮನೆಯಿಂದ ಬಂದು ಯಾವಾಗಲೂ ಹಿಂದೆ ಕೂರುತ್ತಿದ್ದ ಮಕ್ಕಳು ತಾವಾಗಿ ಎದ್ದು ‘ನಮ್ಮದನ್ನೂ ಬರೆಯಿರಿ ಮಾಷ್ಟ್ರೇ’ ಎನ್ನುತ್ತಿದ್ದರು.

ಇಷ್ಟು ವಿವರಿಸಿದ ಮೇಲೆ ಕನ್ನಡದ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ನಾಲಗೆ ತಿರುಗಬೇಕು. ನಾವು ತರಬೇತಿ ಪಡೆಯುವ ಕಾಲಕ್ಕೆ ಸ್ಟ್ರಕ್ಚರಲ್ ಪದ್ಧತಿಯೇ ಆಳುತ್ತಿತ್ತು. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಅದಕ್ಕೆ ಮುಂಚೆ ನಾವು ಮದ್ರಾಸ್ ಸಂಸ್ಥಾನದ ದಕ್ಷಿಣ ಕನ್ನಡದವರು. ಆ ಮದ್ರಾಸಿನಲ್ಲಿ ಐವತ್ತರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಬೇರುಬಿಟ್ಟ ಪದ್ಧತಿ ಅದು: ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಸಾಲಾಗಿ ಜೋಡಿಸಿ, ಒಂದೊಂದನ್ನೇ ಬಾಯಲ್ಲಿ ರೂಢಿ ಮಾಡಿಸುವುದು. ಅದರ ಮುಖ್ಯ ಆಯುಧ ಬದಲಿ ಕೋಷ್ಟಕ. ಮೊದಲ ಕಂಬದಲ್ಲಿ ‘ಐ, ವಿ, ದೇ’, ಎರಡನೆಯದರಲ್ಲಿ ‘ಹ್ಯಾವ್’, ಮೂರನೆಯದರಲ್ಲಿ ‘ಟೂ, ತ್ರೀ, ಮೆನಿ’, ನಾಲ್ಕನೆಯದರಲ್ಲಿ ‘ಬ್ರದರ್ಸ್, ಕೌಸ್, ಕೋಕೋನಟ್ ಟ್ರೀಸ್’. ಅಡ್ಡಕ್ಕೆ ಓದಿದರೆ ಇಪ್ಪತ್ತೇಳು ಸರಿಯಾದ ವಾಕ್ಯಗಳು ಸಿಗುತ್ತವೆ, ತಪ್ಪು ಬರಲು ದಾರಿಯೇ ಇಲ್ಲ. ಎಂದೂ ಬಾಯಿ ತೆರೆಯದ ಮಗು ಕೂಡ ಇದರಲ್ಲಿ ತನ್ನದೇ ಒಂದು ವಾಕ್ಯ ಹೇಳಿ ಕುಳಿತುಕೊಳ್ಳುತ್ತದೆ. ನಿಮ್ಮ ಮೌನದ ಬೆಂಚುಗಳಿಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ.

ಈ ಪದ್ಧತಿಯ ಕುಂದನ್ನೂ ಮುಚ್ಚಿಡುವುದಿಲ್ಲ. ಎಲ್ಲರ ಕಣ್ಣೆದುರು ಪೆನ್ನು ಹಿಡಿದು ‘ದಿಸ್ ಈಸ್ ಎ ಪೆನ್’ ಎಂದು ಐವತ್ತು ಸಲ ಹೇಳಿಸಿದ್ದೇವೆ. ಲೋಕದಲ್ಲಿ ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ. ಕೋಷ್ಟಕದೊಳಗೆ ಚುರುಕಾಗಿದ್ದ ಮಕ್ಕಳು ಅದರಿಂದ ಹೊರಗೆ ಬಂದೊಡನೆ ತಡವರಿಸಿದ್ದನ್ನೂ ನೋಡಿದ್ದೇನೆ. ಆದರೂ ಕೋಷ್ಟಕವನ್ನು ಬಿಟ್ಟುಬಿಟ್ಟ ಮೇಲೆ ಬಂದ ಮಕ್ಕಳು ಅದಕ್ಕಿಂತ ಚೆನ್ನಾಗಿ ಮಾತಾಡಿದರು ಎಂದು ಹೇಳಲಾರೆ.


ಉತ್ತರ: ವಿದ್ಯಾನಗರದ ಉಪನ್ಯಾಸಕಿ

ಮಾಸ್ತರರು ಹೇಳಿದ ‘ಎಂಕ್, ಎನಿಕ್ಕ್’ ಪಾಠ ನನಗೆ ಬಹಳ ಇಷ್ಟವಾಯಿತು. ನಾಳೆಯೇ ನನ್ನ ಪದವಿ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಏಕೆಂದರೆ ಅವರಲ್ಲಿ ಹಲವರು ಈಗಲೂ ‘ಟು ಮಿ’ ಎಂದೇ ಆರಂಭಿಸುತ್ತಾರೆ.

ಟೀಚರೇ, ‘ಒಂದು ಕನ್ನಡ ಶಬ್ದವೂ ಬೇಡ’ ಎಂಬ ನಿಯಮದ ಊರು ಯಾವುದು ಎಂದು ತಿಳಿದುಕೊಂಡರೆ ಅದರ ಭಯ ಅರ್ಧ ಕಡಿಮೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ವ್ಯಾಕರಣ ಮತ್ತು ಅನುವಾದದ ಹಳೆಯ ಪದ್ಧತಿಗೆ ಎದುರಾಗಿ, ಕಲಿಯುವ ಭಾಷೆಯಲ್ಲಿಯೇ ಎಲ್ಲವನ್ನೂ ಕಲಿಸಬೇಕೆನ್ನುವ ಡೈರೆಕ್ಟ್ ಮೆಥಡ್ ಹುಟ್ಟಿತು. 1878ರಲ್ಲಿ ಅಮೆರಿಕದಲ್ಲಿ ಆರಂಭವಾದ ಬರ್ಲಿಟ್ಜ್ ಶಾಲೆಗಳು ಅದನ್ನು ಜಗತ್ತಿನ ತುಂಬ ಹಬ್ಬಿಸಿದವು. ಆ ಶಾಲೆಗಳಿಗೆ ಬರುತ್ತಿದ್ದವರು ಹಣ ಕೊಟ್ಟು ಕಲಿಯುವ ವಯಸ್ಕರು, ಗುಂಪುಗಳು ಸಣ್ಣವು, ಕಲಿಸುವವರು ಆ ಭಾಷೆಯನ್ನೇ ಮನೆಯಲ್ಲಿ ಆಡಿ ಬೆಳೆದವರು. ಅಂಥ ಕೋಣೆಯಲ್ಲಿ ಹುಟ್ಟಿದ ನಿಯಮವನ್ನು ಎಂಡೋಸಲ್ಫಾನ್ ಕೀಟನಾಶಕದ ಗಾಯವನ್ನೂ ಭಾಷೆಯ ಗಾಯವನ್ನೂ ಉಂಡ ಊರುಗಳ ಸರಕಾರಿ, ಅನುದಾನಿತ ಶಾಲೆಗಳಿಗೆ ಅದೇ ರೂಪದಲ್ಲಿ ತಂದು ಹೇರುವುದು ನ್ಯಾಯವಲ್ಲ. ಈ ಮಾತನ್ನು ಸ್ವಲ್ಪ ಬಿಸಿಯಾಗಿಯೇ ಬರೆದಿದ್ದೇನೆ, ಏಕೆಂದರೆ ಮಕ್ಕಳ ಬಾಯಿ ಕಟ್ಟುವುದನ್ನು ಕಲಿಕೆಯೆಂದು ಕರೆಯುವುದು ನನಗೆ ಸಹನೆಯಾಗುವುದಿಲ್ಲ.

ಇದಕ್ಕೆ ಬದಲಾಗಿ ಸಿ. ಜೆ. ಡಾಡ್ಸನ್ ಅವರು ವೇಲ್ಸ್‌ನಲ್ಲಿ ರೂಪಿಸಿ 1967ರಲ್ಲಿ ಪ್ರಕಟಿಸಿದ ದ್ವಿಭಾಷಾ ವಿಧಾನವನ್ನು ನೀವು ನೋಡಬೇಕು. ಅಧ್ಯಾಪಕರು ಒಂದು ಸನ್ನಿವೇಶದ ಇಂಗ್ಲಿಷ್ ವಾಕ್ಯವನ್ನು ಹೇಳುತ್ತಾರೆ, ಕೂಡಲೇ ಅದರ ಅರ್ಥವನ್ನು ಮಕ್ಕಳ ಭಾಷೆಯಲ್ಲಿ ಒಂದೇ ಸಲ ಹೇಳುತ್ತಾರೆ, ಮತ್ತೆ ಇಂಗ್ಲಿಷ್ ವಾಕ್ಯವನ್ನೇ ಹೇಳುತ್ತಾರೆ, ಆಮೇಲೆ ಮಕ್ಕಳು ಅದನ್ನು ನುಡಿಯುತ್ತಾರೆ. ಅರ್ಥ ಕೊಡುವುದು ಬಿಡಿ ಶಬ್ದಕ್ಕಲ್ಲ, ಇಡೀ ಮಾತಿಗೆ. ಮುಂದಿನ ಹಂತದಲ್ಲಿ ಅಧ್ಯಾಪಕರು ಕನ್ನಡದಲ್ಲಿ ಸೂಚನೆ ಕೊಟ್ಟರೆ ಮಕ್ಕಳು ಇಂಗ್ಲಿಷಿನಲ್ಲಿ ಹೇಳಬೇಕು, ಅನಂತರ ಆ ವಾಕ್ಯವನ್ನು ತಮಗೆ ಬೇಕಾದಂತೆ ಬದಲಿಸಿ ಬಳಸಬೇಕು. ಅಷ್ಟು ಹೊತ್ತಿಗೆ ಕನ್ನಡ ತಾನಾಗಿಯೇ ಹಿಂದೆ ಸರಿದಿರುತ್ತದೆ. ನಿಮ್ಮ ಹಿರಿಯ ಸಹೋದ್ಯೋಗಿಯ ಸಾಲು ಸಾಲಿನ ಅನುವಾದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಅಲ್ಲಿ ಪೀರಿಯಡಿನ ಹೆಚ್ಚಿನ ಹೊತ್ತು ಮಕ್ಕಳು ಕನ್ನಡವನ್ನು ಕೇಳಿ ಕನ್ನಡವನ್ನು ಬರೆಯುತ್ತಾರೆ. ಇಲ್ಲಿ ಕನ್ನಡ ಎರಡು ಸೆಕೆಂಡು ಬಂದು ಹೋಗುತ್ತದೆ, ಉಳಿದ ಹೊತ್ತೆಲ್ಲ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಇರುತ್ತದೆ.

ಈಗ ಮಾಸ್ತರರೊಡನೆ ನನ್ನ ಒಂದು ಭಿನ್ನಮತ. ಕೋಷ್ಟಕದಿಂದ ಹೊರಬಂದೊಡನೆ ಮಕ್ಕಳು ಏಕೆ ತಡವರಿಸಿದರು ಎಂಬ ಪ್ರಶ್ನೆಯನ್ನೇ ಹಿಡಿದು ನಮ್ಮ ದಕ್ಷಿಣ ಭಾರತದಲ್ಲಿಯೇ ಒಂದು ದೊಡ್ಡ ಪ್ರಯೋಗ ನಡೆಯಿತು. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ, ಸಾಮಾನ್ಯ ಶಾಲೆಗಳ ದೊಡ್ಡ ತರಗತಿಗಳಲ್ಲಿಯೇ ನಡೆಸಿದ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದು ಜಗತ್ತಿನ ಭಾಷಾ ಅಧ್ಯಾಪಕರೆಲ್ಲರೂ ಬಲ್ಲರು. ಅಲ್ಲಿ ವ್ಯಾಕರಣದ ಪಟ್ಟಿ ಇರಲಿಲ್ಲ, ವಾಕ್ಯ ತಿದ್ದುವ ಕವಾಯತು ಇರಲಿಲ್ಲ. ನಕ್ಷೆ, ರೈಲಿನ ವೇಳಾಪಟ್ಟಿ, ಲೆಕ್ಕದ ಚೀಟಿ ಮುಂತಾದವುಗಳನ್ನು ಮುಂದಿಟ್ಟು, ಬುದ್ಧಿ ಓಡಿಸಿ ಬಿಡಿಸಬೇಕಾದ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಕೊಡುತ್ತಿದ್ದರು. ಮೊದಲು ಅಂಥದೇ ಒಂದನ್ನು ಅಧ್ಯಾಪಕರು ಇಡೀ ತರಗತಿಯೊಡನೆ ಪ್ರಶ್ನೋತ್ತರದಲ್ಲಿ ಬಿಡಿಸುತ್ತಿದ್ದರು, ಆಮೇಲೆ ಇನ್ನೊಂದನ್ನು ಪ್ರತಿಯೊಂದು ಮಗುವೂ ತಾನಾಗಿ ಬಿಡಿಸಬೇಕಿತ್ತು. ಮನಸ್ಸು ಅರ್ಥದಲ್ಲಿ ಮುಳುಗಿರುವಾಗ ಭಾಷೆ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಮಕ್ಕಳ ಬಾಯಲ್ಲಿ ನಡುವೆ ತಮ್ಮ ಭಾಷೆ ಬಂದರೆ ಅದನ್ನು ತಡೆಯುತ್ತಿರಲಿಲ್ಲ. ಸಮಸ್ಯೆ ಎಷ್ಟು ಕಠಿಣವಿರಬೇಕು ಎಂಬುದಕ್ಕೆ ಅವರು ಕೊಟ್ಟ ಅಳತೆ ಇಂದಿಗೂ ಉಪಯುಕ್ತವಾದದ್ದು: ತರಗತಿಯ ಅರ್ಧದಷ್ಟಾದರೂ ಮಕ್ಕಳಿಗೆ ಕೆಲಸದ ಅರ್ಧದಷ್ಟಾದರೂ ಸರಿಯಾಗಿ ಬರಬೇಕು.

ಆ ಪ್ರಯೋಗದ ಫಲವನ್ನು ಹೊರಗಿನ ಪರೀಕ್ಷಕರು ಅಳೆದು 1985ರಲ್ಲಿ ಪ್ರಕಟಿಸಿದಾಗ ಕಂಡದ್ದನ್ನೂ ಹೇಳಬೇಕು. ವಾಕ್ಯರಚನೆಯನ್ನು ಕಲಿತ ಮಕ್ಕಳು ವಾಕ್ಯರಚನೆಯ ಪರೀಕ್ಷೆಯಲ್ಲಿ, ಕೆಲಸದ ಮೂಲಕ ಕಲಿತ ಮಕ್ಕಳು ಕೆಲಸದ ಪರೀಕ್ಷೆಯಲ್ಲಿ ಮುಂದಿದ್ದರು. ಎರಡಕ್ಕೂ ಸೇರದ ಸಾಮಾನ್ಯ ಪರೀಕ್ಷೆಗಳಲ್ಲಿ ಪ್ರಾಜೆಕ್ಟಿನ ಮಕ್ಕಳು ಒಟ್ಟಾರೆ ಚೆನ್ನಾಗಿಯೇ ಮಾಡಿದ್ದರು. ಆದ್ದರಿಂದ ಕೋಷ್ಟಕವನ್ನು ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಕೋಷ್ಟಕದಲ್ಲಿ ಹದಿನೈದು ನಿಮಿಷ ನಾಲಗೆ ತಿರುಗಿದ ಮೇಲೆ, ಆ ವಾಕ್ಯ ನಿಜವಾಗಿ ಬೇಕಾಗುವ ಒಂದು ಸಮಸ್ಯೆಯನ್ನು ಮುಂದಿಡಿ ಎನ್ನುತ್ತೇನೆ. ಅದೇ ಪ್ರಭು ಅವರು 1990ರ ಲೇಖನವೊಂದರಲ್ಲಿ, ಎಲ್ಲೆಡೆಗೂ ಸಲ್ಲುವ ಅತ್ಯುತ್ತಮ ವಿಧಾನ ಎಂಬುದೊಂದಿಲ್ಲ, ತನ್ನ ಬೋಧನೆಯಿಂದ ಕಲಿಕೆ ಹೇಗೆ ಆಗುತ್ತದೆ ಎಂಬ ಬಗ್ಗೆ ಅಧ್ಯಾಪಕರಿಗೆ ಇರುವ ಜೀವಂತ ತಿಳಿವಳಿಕೆಯೇ ಮುಖ್ಯ ಎಂದು ವಾದಿಸಿದರು. ನೀವು ಒಂದು ಟರ್ಮ್ ಪೂರ್ತಿ ನಂಬಿ ಮಾಡಿ, ಮೌನವನ್ನು ಕಂಡು, ಸಂಕಟಪಟ್ಟು ಇಲ್ಲಿಗೆ ಬಂದು ಕೇಳಿದ್ದೀರಲ್ಲ, ಆ ತಿಳಿವಳಿಕೆ ನಿಮ್ಮಲ್ಲಿದೆ.


ಉತ್ತರ: ಮುಳ್ಳೇರಿಯದ ಒಂದನೇ ಕ್ಲಾಸಿನ ಟೀಚರ್

ಮೇಲಿನವರು ಮಾತಿನ ಬಗ್ಗೆ ಹೇಳಿದರು, ಪೆನ್ಸಿಲಿನ ಸಾಲಿನ ಬಗ್ಗೆ ಯಾರೂ ಹೇಳಲಿಲ್ಲ. ಎಲ್.ಪಿ.ಯಲ್ಲಿ, ಅಂದರೆ ಕಿರಿಯ ಪ್ರಾಥಮಿಕದಲ್ಲಿ, ಮೊದಲ ಅಕ್ಷರ ಕಲಿಸುವವಳಾದ್ದರಿಂದ ಅದು ನನ್ನ ಪಾಲಿಗೆ ಬಂದ ಪ್ರಶ್ನೆ.

ನಮ್ಮ ಮಕ್ಕಳು ಮೊದಲು ಕಲಿಯುವ ಕನ್ನಡ ಲಿಪಿ ಪ್ರಾಮಾಣಿಕವಾದದ್ದು. ‘ಕ’ ಎಂದು ಬರೆದರೆ ‘ಕ’ ಎಂದೇ ಓದಬೇಕು, ಅಕ್ಷರದ ಹೆಸರೂ ಅದರ ದನಿಯೂ ಒಂದೇ. ಇಂಗ್ಲಿಷಿನಲ್ಲಿ ‘ಸಿ, ಎ, ಟಿ’ ಎಂದು ಹೆಸರುಗಳನ್ನು ಕೂಡಿಸಿ ಹೇಳಿದರೆ ಯಾವ ಕಾಲಕ್ಕೂ ‘ಕ್ಯಾಟ್’ ಆಗುವುದಿಲ್ಲ. ಇಪ್ಪತ್ತಾರು ಅಕ್ಷರಗಳು ಸುಮಾರು ನಲವತ್ತನಾಲ್ಕು ದನಿಗಳ ಕೆಲಸ ಮಾಡಬೇಕು. ‘ನೈಫ್’ ಎಂಬ ಶಬ್ದದ ಮೊದಲಿಗೆ ‘ಕೆ’ ಇದೆ, ಬಾಯಲ್ಲಿ ಇಲ್ಲ. ಕನ್ನಡದ ನಂಬಿಕೆಯಲ್ಲಿ ಬೆಳೆದ ಮಗು ಈ ಗೊಂದಲದಿಂದ ಪಾರಾಗಲು ತಾನೇ ಕಂಡುಕೊಂಡ ಉಪಾಯ ಪೆನ್ಸಿಲಿನ ಸಾಲು. ಅದನ್ನು ಅಳಿಸಲು ಹೇಳಿದರೆ ಅವನ ಊರುಗೋಲನ್ನು ಕಿತ್ತುಕೊಂಡಂತೆ. ಆದರೆ ಅದನ್ನು ಹಾಗೆಯೇ ಬಿಟ್ಟರೆ ಕಣ್ಣು ಯಾವಾಗಲೂ ಕೆಳಗಿನ ಸಾಲಿಗೇ ಇಳಿಯುತ್ತದೆ, ಇಂಗ್ಲಿಷ್ ಅಕ್ಷರಗಳ ಪರಿಚಯ ಏಳನೆಯ ತರಗತಿಗೂ ಆಗುವುದಿಲ್ಲ. ‘ವಿ’ಗೂ ‘ಡಬ್ಲ್ಯು’ವಿಗೂ ಒಂದೇ ‘ವ’ ಬರೆದುಕೊಳ್ಳುತ್ತಾರೆ. ‘ಎಗ್’ ಎಂದು ಬರೆದುಕೊಂಡರೂ ನಮ್ಮ ನಾಲಗೆ ‘ಯೆಗ್’ ಎಂದೇ ಓದುತ್ತದೆ.

ನಾನು ಮಾಡುವುದನ್ನು ಹೇಳುತ್ತೇನೆ. ಫೋನಿಕ್ಸ್ ಕ್ರಮದಲ್ಲಿ ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳಿಂದ ಆರಂಭಿಸಿ, ಅವುಗಳ ಹೆಸರನ್ನು ಬದಿಗಿಟ್ಟು ದನಿಯನ್ನು ಮಾತ್ರ ಹೇಳಿಸುತ್ತೇನೆ. ಕನ್ನಡದ ವ್ಯಂಜನಗಳನ್ನು ಕಲಿತ ಮಗುವಿಗೆ ಇದು ಬಹಳ ಸುಲಭ, ಏಕೆಂದರೆ ‘ಸ್’, ‘ಟ್’, ‘ಪ್’ ಎಂದು ಸ್ವರವಿಲ್ಲದೆ ನುಡಿಯುವುದು ಅದಕ್ಕೆ ಒತ್ತಕ್ಷರದಿಂದಲೇ ಗೊತ್ತಿರುತ್ತದೆ. ಇಲ್ಲಿ ಕನ್ನಡ ಅಡ್ಡಿಯಲ್ಲ, ಏಣಿ. ಆ ಆರರಿಂದಲೇ ಪಿನ್, ಟಿನ್, ಟ್ಯಾಪ್, ಪ್ಯಾನ್ ಎಂದು ಕೂಡಿಸಿ ಓದುತ್ತಾರೆ.

ಒಂದು ಎಚ್ಚರಿಕೆ. ಫೋನಿಕ್ಸ್ ಹುಟ್ಟಿದ್ದು ಇಂಗ್ಲಿಷನ್ನು ಮನೆಯಲ್ಲಿ ಕೇಳಿ ಬೆಳೆದ ಮಕ್ಕಳಿಗಾಗಿ. ಆ ಮಗು ಕಷ್ಟಪಟ್ಟು ‘ನ್ಯಾಪ್’ ಎಂದು ಕೂಡಿಸಿ ಓದಿದೊಡನೆ ‘ಓ, ಅದು’ ಎಂದು ಅರ್ಥ ಹೊಳೆಯುತ್ತದೆ. ನಮ್ಮ ಮಗುವಿಗೆ ಏನೂ ಹೊಳೆಯುವುದಿಲ್ಲ. ಆದ್ದರಿಂದ ಬಾಯಲ್ಲಿ ಬಂದ ಶಬ್ದವನ್ನು ಮಾತ್ರ ಓದಿಸಬೇಕು. ಅಂಥ ಶಬ್ದಗಳು ನಾವು ನೆನೆಸುವುದಕ್ಕಿಂತ ಬಹಳ ಹೆಚ್ಚಿವೆ. ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಜನ ಆಡುವ ಇಂಗ್ಲಿಷ್ ಶಬ್ದಗಳನ್ನು ಒಂದು ವಾರ ಕಿವಿಗೊಟ್ಟು ಕೇಳಿ ತರಲು ಹೇಳಿದೆ. ಟಾರ್ಚು, ಬಕೆಟು, ಪಂಪು, ಪೈಪು, ಟ್ಯಾಂಕು, ಲಾರಿ, ಟಿಕೆಟು, ಬಲ್ಬು, ಸ್ವಿಚ್ಚು ಎಂದು ಎರಡನೆಯ ತರಗತಿಯ ಮಕ್ಕಳು ನೂರಕ್ಕಿಂತ ಹೆಚ್ಚು ತಂದರು. ಕೊನೆಯ ಉಕಾರವನ್ನು ಕತ್ತರಿಸಿದರೆ ಇಂಗ್ಲಿಷ್ ಶಬ್ದ. ಅಡಿಕೆ ತೋಟಕ್ಕೆ ನೀರು ಬಿಡುವ ತಂದೆಯ ಬಾಯಿಂದ ‘ಸ್ಪ್ರಿಂಕ್ಲರ್’ ಎಂಬ ಶಬ್ದವನ್ನು ತಂದ ಹುಡುಗಿ ಅದನ್ನು ಹಲಗೆಯ ಮೇಲೆ ನೋಡಿ ಬೆರಳಿನಿಂದ ಮುಟ್ಟಿ ಮುಟ್ಟಿ ಓದಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ನಿಮ್ಮ ಆರನೆಯ ತರಗತಿಯವರಿಗೆ ನನ್ನ ಸಲಹೆ ಹೀಗೆ: ಪೆನ್ಸಿಲಿನ ಸಾಲನ್ನು ಪುಸ್ತಕದಲ್ಲಿ ಬರೆಯುವ ಬದಲು ನೋಟ್ ಪುಸ್ತಕದ ಕೊನೆಯ ಪುಟದಲ್ಲಿ, ತೀರ ಕಷ್ಟವಾದ ಶಬ್ದಕ್ಕೆ ಮಾತ್ರ ಬರೆಯಲು ಹೇಳಿ. ಕಣ್ಣು ಇಂಗ್ಲಿಷಿನ ಮೇಲೆ ಉಳಿಯುತ್ತದೆ, ಆಸರೆಯೂ ಕೈತಪ್ಪುವುದಿಲ್ಲ.


ಉತ್ತರ: ಕುಂಬಳೆಯ ತಾಯಿ

ನಾನು ಟೀಚರ್ ಅಲ್ಲ, ನನ್ನ ಮಗ ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿಯಲ್ಲಿ ಓದುತ್ತಿದ್ದಾನೆ. ನೆರೆಹೊರೆಯವರೆಲ್ಲ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರು. ನಮ್ಮನ್ನೂ ಬಹಳ ಒತ್ತಾಯಿಸಿದರು. ಕನ್ನಡದಲ್ಲಿ ಕಲಿತರೆ ಇಂಗ್ಲಿಷ್ ಬರುವುದಿಲ್ಲ ಎಂಬ ಒಂದೇ ಭಯಕ್ಕೆ ನಮ್ಮ ಕನ್ನಡ ಶಾಲೆಗಳು ಬರಿದಾಗುತ್ತಿವೆ, ಆದ್ದರಿಂದ ನೀವು ಇಲ್ಲಿ ಚರ್ಚಿಸುತ್ತಿರುವುದು ನಮ್ಮಂಥವರಿಗೆ ಎಷ್ಟು ಮುಖ್ಯ ಎಂಬುದನ್ನು ಹೇಳಬೇಕೆನಿಸಿತು.

ನನಗೆ ಇಂಗ್ಲಿಷ್ ಹೆಚ್ಚು ಬರುವುದಿಲ್ಲ. ಮಗ ಮನೆಯಲ್ಲಿ ಇಂಗ್ಲಿಷ್ ಪಾಠ ಓದಿದ ಮೇಲೆ, ಏನು ಓದಿದೆ ಎಂದು ತುಳುವಿನಲ್ಲಿ ಹೇಳು ಎನ್ನುತ್ತೇನೆ. ಸುಮ್ಮನೆ ಓದಿದ್ದರೆ ಹೇಳಲಾಗುವುದಿಲ್ಲ, ಮತ್ತೆ ಪುಸ್ತಕ ತೆರೆಯುತ್ತಾನೆ. ಇದು ಸರಿಯೋ ತಪ್ಪೋ ತಿಳಿದವರು ಹೇಳಬೇಕು.


ಉತ್ತರ: ವಿದ್ಯಾನಗರದ ಉಪನ್ಯಾಸಕಿ

ಅಕ್ಕಾ, ನೂರಕ್ಕೆ ನೂರು ಸರಿ. ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಹೇಳುವ ಮಗು ಶಬ್ದವನ್ನಲ್ಲ, ಅರ್ಥವನ್ನು ಹೊತ್ತು ದಾಟಿಸುತ್ತದೆ. ಕೆನಡಾದ ದ್ವಿಭಾಷಾ ಶಿಕ್ಷಣದ ಸಂಶೋಧಕ ಜಿಮ್ ಕಮಿನ್ಸ್ ಅವರು 1979ರಿಂದಲೇ ಹೇಳುತ್ತ ಬಂದಿರುವುದು ಇದನ್ನೇ: ಮೊದಲ ಭಾಷೆಯಲ್ಲಿ ಗಳಿಸಿದ ಓದಿನ, ಯೋಚನೆಯ ಬಲ ಎರಡನೆಯ ಭಾಷೆಗೆ ದಾಟುತ್ತದೆ. ಎನ್‌ಸಿಇಆರ್‌ಟಿಯ 2005ರ ಪಠ್ಯಕ್ರಮ ಚೌಕಟ್ಟಿನೊಡನೆ ಬಂದ ಇಂಗ್ಲಿಷ್ ಬೋಧನೆಯ ಪತ್ರ ಕೂಡ ಇಂಗ್ಲಿಷ್ ಒಂಟಿಯಾಗಿ ನಿಲ್ಲದೆ ಇತರ ಭಾಷೆಗಳೊಡನೆ ಸೇರಿ ನಡೆಯಬೇಕು ಎಂದಿದೆ. ನಿಮ್ಮ ಮನೆಯ ತುಳು ನಿಮ್ಮ ಮಗನ ಇಂಗ್ಲಿಷಿಗೆ ಬಲ ಕೊಡುತ್ತಿದೆ. ಅದನ್ನು ಬಿಡಬೇಡಿ.


ಮರುಬರಹ: ಬದಿಯಡ್ಕದ ಟೀಚರ್

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಹೇಳಿದ್ದನ್ನು ಮಾಡಿ ನೋಡದೆ ಬರೆಯುವುದು ಸರಿಯೆನಿಸಲಿಲ್ಲ.

ಮಾಸ್ತರರ ಐದು ಭಾಷೆಗಳ ಹಲಗೆಯಿಂದ ಆರಂಭಿಸಿದೆ. ನಮ್ಮ ತರಗತಿಯ ಮರಾಠಿಯ ಹುಡುಗಿ ತನ್ನ ಮನೆಯ ಮಾತನ್ನು ಶಾಲೆಯಲ್ಲಿ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಮರುದಿನ ಕೋಷ್ಟಕ. ಅದಾದ ಮೇಲೆ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಂಬ ನಾಲ್ಕು ಸ್ಟೇಷನ್ನುಗಳಿಗೆ ನಾನೇ ಕಲ್ಪಿಸಿದ ಮೂರು ರೈಲುಗಳ ವೇಳಾಪಟ್ಟಿಯನ್ನು ಬರೆದು, ಉಪ್ಪಳದ ಒಬ್ಬ ಅಜ್ಜಿ ಹತ್ತೂವರೆಗೆ ಕಾಸರಗೋಡಿನ ಆಸ್ಪತ್ರೆಯಲ್ಲಿರಬೇಕು, ಸ್ಟೇಷನ್ನಿನಿಂದ ಆಸ್ಪತ್ರೆಗೆ ಇಪ್ಪತ್ತು ನಿಮಿಷ ಬೇಕು, ಯಾವ ರೈಲು ಹಿಡಿಯಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಪ್ರಶ್ನೆಯ ಅರ್ಥವನ್ನು ಒಂದು ಸಲ ಕನ್ನಡದಲ್ಲಿ ಹೇಳಿ, ಮತ್ತೆ ಇಂಗ್ಲಿಷಿನಲ್ಲೇ ಹೇಳಿದೆ. ‘ಸೆಕೆಂಡ್ ಟ್ರೈನ್’ ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ‘ವೈ?’ ಎಂದೆ. ‘ಫಸ್ಟ್ ಟ್ರೈನ್ ನೋ ಸ್ಟಾಪ್ ಉಪ್ಪಳ’ ಎಂದ. ‘ಯೆಸ್, ದ ಫಸ್ಟ್ ಟ್ರೈನ್ ಡಸ್ ನಾಟ್ ಸ್ಟಾಪ್ ಅಟ್ ಉಪ್ಪಳ’ ಎಂದು ನಾನು ತಿದ್ದಿ ಹೇಳಿ ಮುಂದೆ ಹೋದೆ, ತಪ್ಪೆಂದು ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬಳು ತಾನಾಗಿಯೇ ‘ಥರ್ಡ್ ಟ್ರೈನ್ ಡಸ್ ನಾಟ್ ಸ್ಟಾಪ್ ಅಟ್ ಕುಂಬಳೆ’ ಎಂದಳು. ಆ ಪೀರಿಯಡಿನಲ್ಲಿ ಬೆಲ್ಲು ಹೊಡೆದದ್ದು ನನಗೆ ಕೇಳಿಸಲೇ ಇಲ್ಲ.

ಮರುದಿನ ಒಬ್ಬೊಬ್ಬರೇ ಬಿಡಿಸಲು ಕೊಟ್ಟ ಆರು ಪ್ರಶ್ನೆಗಳಲ್ಲಿ ಇಪ್ಪತ್ತೊಂದು ಮಕ್ಕಳ ಪೈಕಿ ಹದಿಮೂರು ಮಕ್ಕಳು ಮೂರು ಅಥವಾ ಹೆಚ್ಚು ಸರಿ ಮಾಡಿದರು. ಉಪನ್ಯಾಸಕಿಯವರು ಹೇಳಿದ ಅಳತೆಗೆ ಸರಿಯಾಗಿ ಕೂತಿತು. ಆದರೆ ಉಳಿದ ಎಂಟು ಮಕ್ಕಳಲ್ಲಿ ಐವರಿಗೆ ಪ್ರಶ್ನೆಯನ್ನು ಓದುವುದೇ ಆಗುವುದಿಲ್ಲ. ಅವರನ್ನು ಮಧ್ಯಾಹ್ನದ ಊಟದ ಬಳಿಕ ಹದಿನೈದು ನಿಮಿಷ ಕೂರಿಸಿಕೊಂಡು ಮುಳ್ಳೇರಿಯದ ಟೀಚರ್ ಹೇಳಿದ ಆರು ಅಕ್ಷರಗಳಿಂದ ಆರಂಭಿಸಿದ್ದೇನೆ. ಆರನೆಯ ತರಗತಿಯ ಮಕ್ಕಳಿಗೆ ಇದರಿಂದ ನಾಚಿಕೆಯಾಗಬಾರದೆಂದು, ಒಂದನೆಯ ತರಗತಿಗೆ ಓದಿನ ಚೀಟಿ ತಯಾರಿಸುವ ಕೆಲಸವೆಂದು ಹೇಳಿ, ಅವರಿಂದಲೇ ಬರೆಸುತ್ತಿದ್ದೇನೆ. ಆ ಚೀಟಿಗಳನ್ನು ನಿಜವಾಗಿಯೂ ಒಂದನೆಯ ತರಗತಿಗೆ ಕೊಡುತ್ತೇವೆ.

ಪರೀಕ್ಷೆಯ ಚಿಂತೆ ಮಾತ್ರ ಹಾಗೆಯೇ ಉಳಿದಿದೆ. ದಿನಚರಿ, ಸಂಭಾಷಣೆ, ಪ್ರಕಟಣೆ, ಪತ್ರ ಎಂದು ಪರೀಕ್ಷೆಯಲ್ಲಿ ಕೇಳುವ ಬರಹಗಳನ್ನು ಮಕ್ಕಳು ಸ್ವಂತವಾಗಿ ಬರೆಯಲಿ ಎಂಬುದೇ ನಮ್ಮ ಕೇರಳದ ಪಠ್ಯಕ್ರಮದ ಉದ್ದೇಶ, ಆದರೆ ಅಂಕದ ಭಯಕ್ಕೆ ಅವೂ ಬಾಯಿಪಾಠವಾಗಿಬಿಟ್ಟಿವೆ. ಈ ಸಲ ಅಜ್ಜಿಯ ಪ್ರಯಾಣವನ್ನೇ ಅವಳ ದಿನಚರಿಯಾಗಿ ಬರೆಯಿರಿ ಎಂದೆ. ಬಂದ ಬರಹಗಳಲ್ಲಿ ತಪ್ಪುಗಳು ಬಹಳ, ಆದರೆ ಒಂದರಂತೆ ಇನ್ನೊಂದಿಲ್ಲ. ಮೊದಲು ಹೇಳಿದ ಆ ಹುಡುಗ ‘ಐ ಹ್ಯಾವ್ ನೋ ಅಂಬ್ರೆಲಾ’ ಎಂದು ಅಜ್ಜಿಯ ಬಾಯಲ್ಲಿ ಬರೆದಿದ್ದಾನೆ. ಮಳೆಯ ವಿಷಯವನ್ನು ನಾನು ಹೇಳಿರಲಿಲ್ಲ, ಅದು ಅವನದೇ.

ಮಾಸ್ತರರೇ, ನಿಮ್ಮ ಕಾಲದ ಕೋಷ್ಟಕಗಳ ಪುಸ್ತಕವೇನಾದರೂ ಉಳಿದಿದೆಯೇ? ‘ವೆಂಟ್, ಕೇಮ್, ಸಾ’ ಎಂಬ ಭೂತಕಾಲದ ರೂಪಗಳನ್ನು ‘ಡಿಡ್’ ಜೊತೆ ಪ್ರಶ್ನೆಗೆ ತಿರುಗಿಸುವಲ್ಲಿ ಏಳನೆಯ ತರಗತಿಯ ಎಲ್ಲರೂ ‘ಡಿಡ್ ಯು ವೆಂಟ್’ ಎನ್ನುತ್ತಿದ್ದಾರೆ.


ಉತ್ತರ: ಪೈವಳಿಕೆಯ ಹಳೆ ಮಾಸ್ತರ್

ಇದೆ ಟೀಚರೇ. ಪುಸ್ತಕದ ಅಂಚುಗಳನ್ನು ಗೆದ್ದಲು ಸ್ವಲ್ಪ ತಿಂದಿದೆ, ಒಳಗಿನ ಬರಹ ಸರಿಯಾಗಿದೆ. ‘ಡಿಡ್’ ಕೋಷ್ಟಕವನ್ನು ಎರಡು ಮಡಿಕೆಯ ಕಾಗದದಲ್ಲಿ ಮಾಡಬೇಕು: ಕಾಗದ ಬಿಚ್ಚಿದ್ದಾಗ ‘ವೆಂಟ್’ ಕಾಣುತ್ತದೆ, ಮಡಿಚಿದರೆ ಅದರ ಮೇಲೆ 'ಡಿಡ್' ಬಂದು ಕೂತು ‘ಗೋ’ ಮಾತ್ರ ಉಳಿಯುತ್ತದೆ. ಭೂತಕಾಲದ ಭಾರವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ಕ್ರಿಯಾಪದ ಹಗುರಾಗುತ್ತದೆ ಎಂಬುದನ್ನು ಮಕ್ಕಳು ಕೈಯಾರೆ ಮಡಿಚಿ ನೋಡಬೇಕು. ಹತ್ತು ಪುಟಗಳ ಫೋಟೋ ತೆಗೆದು ಇಂದು ಸಂಜೆಯೊಳಗೆ ಇಲ್ಲಿಯೇ ಹಾಕುತ್ತೇನೆ.